ಗಿರಣಿ ಜಗಲಿಯ ಮೇಲಿನ ಓಟು

"ಐಸಾಕ್ ಗಾರ್ಬರ್!" ಎಂದು ಶೆರೀಫ್ ಕೂಗಿದ.

ಎಪ್ಪತ್ತು ದಾಟಿದ ಮುದುಕ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಗಿರಣಿಯ ಜಗಲಿ ಹತ್ತಿದ. ವರ್ಜೀನಿಯಾದಲ್ಲಿ ಓಟೆಂದರೆ ಹಿಂದಿನಿಂದಲೂ ಹೀಗೆಯೇ. ಹೆಸರು ಕೂಗುತ್ತಾರೆ, ಮೇಜಿನ ಮುಂದೆ ನಿಂತು ಎಲ್ಲರ ಕಿವಿಗೆ ಬೀಳುವಂತೆ ಬಾಯಿಬಿಟ್ಟು ಹೇಳಬೇಕು, ಗುಮಾಸ್ತ ಬರೆದುಕೊಳ್ಳುತ್ತಾನೆ. ಈ ಸಲ ಕೇಳುತ್ತಿದ್ದದ್ದು ಒಂದೇ ಮಾತು: ರಾಜ್ಯ ಅಮೆರಿಕದ ಒಕ್ಕೂಟದಿಂದ ಬೇರೆಯಾಗಿ ಗುಲಾಮರನ್ನಿಟ್ಟುಕೊಂಡ ದಕ್ಷಿಣದವರನ್ನು ಸೇರಬೇಕೋ, ಕೂಡಿಯೇ ಇರಬೇಕೋ.

"ಕೂಡಿರ್ಲಿ," ಎಂದ ಐಸಾಕ್.

ಯಾರೂ ಬೈಯಲಿಲ್ಲ. ಕಂಬಕ್ಕೆ ಒರಗಿದ್ದವನೊಬ್ಬ ಜೇಬಿನಿಂದ ಚೀಟಿ ತೆಗೆದು, ಸೀಸದ ಕಡ್ಡಿಯನ್ನು ನಾಲಗೆಗೆ ತಾಗಿಸಿ ಏನೋ ಗೀಚಿಕೊಂಡ. ಐಸಾಕನ ಬಂಡಿ ಕಾಡಿನ ದಾರಿಗೆ ತಿರುಗಿದ ಮೇಲೆ ಮೂವರು ಕುದುರೆ ಹತ್ತಿ ಅದರ ಹಿಂದೆಯೇ ಹೊರಟರು. ಅವರಿಗೆ ಅವಸರವೇನೂ ಇದ್ದಂತೆ ಕಾಣಲಿಲ್ಲ.

"ಭಾವ, ನೋಡಿದ್ರಾ?" ಸಾಲಿನಲ್ಲಿ ಅಬ್ರಾಮ್ ಶೋವಾಲ್ಟರನ ಹಿಂದೆ ನಿಂತಿದ್ದ ಅವನ ಹೆಂಡತಿಯ ತಮ್ಮ ಟೋಬಿಯಾಸ್ ಉಸುರಿದ. "ಮನೇಗ್ ಹೋಗ್ಬಿಡೋಣ. ಓಟೇ ಬೇಡ."

"ಓಟ್ ಹಾಕ್ದೇ ಹೋದೋರ ಹೆಸ್ರೂ ಬರ್ಕೋತಾರಂತೆ. ಸುಮ್ನಿರು."

ಇಬ್ಬರೂ ಐಸಾಕನ ಕ್ರೈಸ್ತ ಸಭೆಯವರೇ. ಆ ಸಭೆಯಲ್ಲಿ ಯಾರೂ ಗುಲಾಮರನ್ನು ಇಟ್ಟುಕೊಳ್ಳುವಂತಿಲ್ಲ. ಕೋರ್ಟಿನಲ್ಲೂ ಪ್ರಮಾಣ ಮಾಡುವಂತಿಲ್ಲ. ದಿನದಿನದ ಮಾತೇ ನಿಜವಾಗಿರುವಾಗ ಆಣೆ ಯಾತಕ್ಕೆ ಎನ್ನುತ್ತಿದ್ದರು ಹಿರಿಯರು. ಅಬ್ರಾಮನಿಗೆ ನಲವತ್ತಾರು ವರ್ಷ. ಅಷ್ಟೂ ವರ್ಷ ಅವನು ಹಾಗೆಯೇ ಬದುಕಿದ್ದ.

ಮೂರು ದಿನದ ಹಿಂದೆ ಇದೇ ಗಿರಣಿಯಲ್ಲಿ, ಅದರ ಒಡೆಯ ಟ್ಯಾಲಿಯ ಗುಲಾಮ ಆಂಬ್ರೋಸ್ ಗೋಧಿಯ ಚೀಲ ಹೊರುತ್ತ, ಅಬ್ರಾಮನ ಮುಖ ನೋಡದೆ ಕೇಳಿದ್ದ: "ನಿಮ್ ಸಭೆಯೋರು ಏನಂತೀರಿ ಧಣಿ?"

"ಕೂಡಿರ್ಲಿ ಅಂತೀವಿ. ಮನುಷ್ಯ ಮನುಷ್ಯನ್ನ ಕಟ್ಟಿ ಇಟ್ಕೊಳ್ಳೋಕೆ ಅಂತ ದೇಶ ಒಡೀತಾರೆ ಅಂದ್ರೆ ನಾವ್ ಒಪ್ಪಲ್ಲ."

"ಮೆತ್ಗೆ ಹೇಳಿ. ಬೀಸೋ ಕಲ್ಲು ನಿಂತ್ರೆ ಇಲ್ಲಿ ಎಲ್ಲಾ ಕೇಳ್ಸುತ್ತೆ," ಎಂದು ಆಂಬ್ರೋಸ್ ತುಟಿ ತುದಿಯಲ್ಲಿ ನಕ್ಕಿದ್ದ.

ಇವತ್ತು ಕಲ್ಲು ನಿಂತಿತ್ತು. ಆಂಬ್ರೋಸ್ ಅಂಗಳದಲ್ಲಿ ಓಟಿಗೆ ಬಂದವರ ಕುದುರೆಗಳನ್ನು ಹಿಡಿದು ನಿಂತಿದ್ದ.

"ಏನಯ್ಯಾ ಅಬ್ರಾಮ್, ಗಾಳೀನೇ ಇಲ್ಲ, ಗಡ್ಡ ಅಲ್ಲಾಡ್ತಿದ್ಯಲ್ಲ!" ಟ್ಯಾಲಿ ಜಗಲಿಯಿಂದಲೇ ಕೂಗಿದ. ಸುತ್ತ ನಿಂತವರು ನಕ್ಕರು. "ಉತ್ತರದೋರು ಬಂದು ನನ್ ಆಳುಗಳ್ನೆಲ್ಲ ಬಿಡಿಸ್ತಾರಂತೆ. ಆಮೇಲೆ ನಿನ್ ಗೋಧಿ ಯಾರ್ ಬೀಸ್ತಾರೆ? ನಿನ್ ಹೆಂಡ್ತೀನಾ?" ಮತ್ತೆ ನಗು. ಟ್ಯಾಲಿ ಮೆಟ್ಟಿಲಿಳಿದು ಬಂದು ಹೆಗಲ ಮೇಲೆ ಕೈಯಿಟ್ಟ. ದನಿ ಮೆತ್ತಗಾಯಿತು. "ನಿನ್ ಕೊಟ್ಟಿಗೆ ಪೂರ್ತಿ ಮರದ್ದು, ಅಲ್ವೇನಪ್ಪಾ? ಬೇಸಿಗೆ ಬರ್ತಿದೆ. ಹುಷಾರು."

"ಅಬ್ರಾಮ್ ಶೋವಾಲ್ಟರ್!"

ಮೆಟ್ಟಿಲು ಮೂರೇ ಇದ್ದವು. ಮೇಜಿನ ಮೇಲೆ ಗುಮಾಸ್ತನ ಲೇಖನಿಯ ತುದಿಯಲ್ಲಿ ಶಾಯಿಯ ಹನಿಯೊಂದು ತೂಗುತ್ತಿತ್ತು. ಕಂಬದ ಬಳಿಯವನು ಆಗಲೇ ಸೀಸದ ಕಡ್ಡಿಯನ್ನು ನಾಲಗೆಗೆ ತಾಗಿಸಿಕೊಂಡಿದ್ದ. ಅಬ್ರಾಮನಿಗೆ ಮನೆಯ ನಾಲ್ಕು ಮಕ್ಕಳು ಸಾಲಾಗಿ ನಿಂತಂತೆ ಕಂಡಿತು. ಬೆನ್ನ ಹಿಂದಿನ ಅಂಗಳದಲ್ಲಿ ಕುದುರೆಯೊಂದು ಕಾಲು ಅಪ್ಪಳಿಸಿತು.

"ಬೇರೆ..."

"ಕೇಳ್ಸಲಿಲ್ಲ. ಗಟ್ಟಿಯಾಗಿ ಹೇಳಯ್ಯಾ."

"ಬೇರೆಯಾಗ್ಲಿ."

ಹೋ ಎಂದು ಕೂಗು ಎದ್ದಿತು. ಯಾರೋ ಬೆನ್ನು ತಟ್ಟಿದರು. ಟೋಬಿಯಾಸನೂ ಮುಂದೆ ಬಂದು, ಕೇಳುವುದಕ್ಕೆ ಮೊದಲೇ ಅದನ್ನೇ ಹೇಳಿದ.

ಆಂಬ್ರೋಸ್ ಬಂಡಿ ಹತ್ತಿರ ತಂದು ಲಗಾಮು ಕೊಟ್ಟ. ಅವನ ಕಣ್ಣು ಕುದುರೆಯ ಕಿವಿಯ ಮೇಲಿತ್ತು.

"ಆಂಬ್ರೋಸ್... ಮನೇಲಿ ಮಕ್ಕಳಿದಾರೆ," ಎಂದ ಅಬ್ರಾಮ್.

"ನಂಗೂ ಇದ್ರು ಧಣಿ."

ಹೋದ ವರ್ಷ ಟ್ಯಾಲಿ ಅವರನ್ನೂ ಅವರ ತಾಯಿಯನ್ನೂ ಹತ್ತಿಯ ಸೀಮೆಗೆ ಮಾರಿದ್ದು ಕಣಿವೆಗೆಲ್ಲ ಗೊತ್ತಿತ್ತು.

"ದಾರೀಲಿ ಎಲ್ಲೂ ನಿಲ್ಬೇಡಿ," ಎಂದು ಆಂಬ್ರೋಸ್ ಹಿಂದೆ ಸರಿದ.

ಕಾಡಿನ ನಡುವೆ, ಹಳ್ಳ ದಾಟುವಲ್ಲಿ, ಐಸಾಕನ ಬಂಡಿ ದಾರಿಯ ಪಕ್ಕಕ್ಕೆ ವಾಲಿ ನಿಂತಿತ್ತು. ಕುದುರೆ ಮೂಕಿಗೆ ಕಟ್ಟಿದಂತೆಯೇ ಹುಲ್ಲು ಮೇಯುತ್ತಿತ್ತು. ಬಂಡಿಯಲ್ಲಿ ಯಾರೂ ಇರಲಿಲ್ಲ. ಪೊದೆಗಳ ಆಚೆ ಏನೋ ಮುರಿದ ಸದ್ದಾಯಿತು. ಯಾರೋ ಕೆಮ್ಮಿದ ಹಾಗೂ ಇತ್ತು.

"ನಿಲ್ಲಿಸ್ಬೇಡಿ ಭಾವ. ದಮ್ಮಯ್ಯ, ನಿಲ್ಲಿಸ್ಬೇಡಿ."

ಅಬ್ರಾಮ್ ನಿಲ್ಲಿಸಲಿಲ್ಲ. ಬಿಸಿಲು ಬೀಳುವ ಬಯಲು ಸಿಕ್ಕುವವರೆಗೆ ಇಬ್ಬರೂ ಹಿಂದಿರುಗಿ ನೋಡಲಿಲ್ಲ.

ಮನೆ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು. ಸಲೋಮಿ ಗಂಡನ ಮುಖ ನೋಡಿದಳು. ಹುರುಳಿಕಾಯಿ, ಹಂದಿಮಾಂಸ ಬೇಯಿಸಿದ ಪಾತ್ರೆ ತಂದು ನಡುವೆ ಇಟ್ಟಳು. ಮಕ್ಕಳು ಕೈ ಜೋಡಿಸಿ, ತಲೆ ತಗ್ಗಿಸಿ, ಕಣ್ಣು ಮುಚ್ಚಿದರು. ಊಟಕ್ಕೆ ಮೊದಲು ಮನೆಯ ಯಜಮಾನ ಗಟ್ಟಿಯಾಗಿ ಪ್ರಾರ್ಥನೆ ಹೇಳಬೇಕು.

ಅಬ್ರಾಮ್ ಬಾಯಿ ತೆರೆದ. ಪಾತ್ರೆಯ ಹಬೆ ಮೊದಲು ನೇರವಾಗಿ ಏಳುತ್ತಿದ್ದುದು ತೆಳುವಾಗುತ್ತ ಬಂತು. ಕಡೆಯ ಮಗಳು ಒಂದು ಕಣ್ಣು ಮಾತ್ರ ಬಿಟ್ಟು ಅಪ್ಪನನ್ನು ನೋಡಿದಳು. ಏನು ಕಂಡಿತೋ, ಮತ್ತೆ ಬಿಗಿಯಾಗಿ ಮುಚ್ಚಿಕೊಂಡಳು.