ಓಣಿ ದಾಟದ ತಂತಿ

ತೊಂಬತ್ತರ ದಶಕದ ಆ ದಿನಗಳಲ್ಲಿ ಖಜೂರಿ ಊರಿನ ಗೌರಾಬಾಯಿಯ ಓಣಿಯಲ್ಲಿ ಫೋನ್ ಇದ್ದದ್ದು ಒಂದೇ ಮನೆಯಲ್ಲಿ, ಎದುರಿನ ದೌಲತರಾಯನ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಕೌದಿ ಹೊಲಿದು ಒಬ್ಬಳೇ ಬದುಕುತ್ತಿದ್ದ ಗೌರಾಬಾಯಿಗೆ ಪುಣೆಯಲ್ಲಿದ್ದ ತಮ್ಮ ದಶರಥ ಪ್ರತಿ ರವಿವಾರ ಸಂಜೆ ಆ ಫೋನಿಗೇ ಮಾಡುತ್ತಿದ್ದ. ದೌಲತರಾಯನ ಹೆಂಡತಿ ಸುಭದ್ರಾಬಾಯಿ ಬಾಗಿಲಲ್ಲಿ ನಿಂತು ‘ಗೌರಕ್ಕಾ, ಫೋನ್ ಬಂತು’ ಎಂದು ಕೂಗಿದರೆ ರಸ್ತೆಯ ಮೇಲಿನ ಲಾರಿಯವರಿಗೂ ಕೇಳಬೇಕು, ಅಂಥ ಗಂಟಲು.

ಬರಬರುತ್ತ ಕೂಗುವ ಕೆಲಸವೇ ಉಳಿಯಲಿಲ್ಲ. ಬಿಸಿಲು ಇಳಿಯುವ ಮೊದಲೇ ಗೌರಾಬಾಯಿ ಅಲ್ಲಿ ಹಾಜರ್. ತಮ್ಮನ ಮಾತೆಂದರೆ ‘ಆರಾಮ ಇದ್ದಿ? ಆರಾಮ ಇದ್ದೀನಿ’ ಅನ್ನುವಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ಅದಕ್ಕೆ ಮೊದಲು ಜೋಳ ಹಸನು ಮಾಡುತ್ತ, ಆಮೇಲೆ ಪಲ್ಯ ಸೋಸುತ್ತ ಇಬ್ಬರೂ ಊರಿನ ಅರ್ಧ ಮಂದಿಯನ್ನು ಜಾಡಿಸಿ ಎದ್ದಿರುತ್ತಿದ್ದರು. ಹೊರಡುವಾಗ ಸುಭದ್ರಾಬಾಯಿ ಸ್ಟೀಲಿನ ಡಬ್ಬಿಯಲ್ಲಿ ರೊಟ್ಟಿಗೆ ನಂಜಿಕೊಳ್ಳುವ ಶೇಂಗಾ ಹಿಂಡಿ ತುಂಬಿ ಕೊಡುವಳು. ಮುಂದಿನ ವಾರ ಅದೇ ಡಬ್ಬಿ ಹುಣಸೆಯನ್ನೋ ಬೆಲ್ಲವನ್ನೋ ಹೊತ್ತು ವಾಪಸಾಗುವುದು. ಆ ಕಡೆ ಯಾರೂ ನೆರೆಮನೆಯ ಪಾತ್ರೆಯನ್ನು ಖಾಲಿ ತಿರುಗಿಸುವುದಿಲ್ಲ. ಖಾಲಿ ಹೋಯಿತೆಂದರೆ ಋಣ ಮುಗಿಯಿತು ಅಂತಲೇ ಅರ್ಥ.

ಒಂದು ದಿನ ಆಳಂದದಿಂದ ಲೈನ್‌ಮನ್ ಮಲಂಗಸಾಬ ಬಂದ. ಅಕ್ಕನಿಗೂ ಫೋನಿರಲಿ ಎಂದು ದಶರಥನೇ ಓಡಾಡಿ ಮಾಡಿಸಿದ ಏರ್ಪಾಡು ಅದು. ಮಲಂಗಸಾಬ ಓಣಿಯ ನಡುವೆ ನಿಂತು ಎರಡು ದಾರಿ ಹೇಳಿದ. ದೌಲತರಾಯನ ಫೋನಿನಿಂದಲೇ ಒಂದು ತಂತಿ ಈಚೆಗೆ ಎಳೆದರೆ ನಂಬರೂ ಒಂದೇ, ಗಂಟೆಯೂ ಒಂದೇ. ಬೇಡವೆಂದರೆ ಬೇರೆ ಕಂಬ ನೆಟ್ಟು ಬೇರೆ ನಂಬರು.

“ಒಂದೇ ತಂತಿ ಎಳಸ್ಕೋ ಗೌರಕ್ಕ,” ಎಂದಳು ಸುಭದ್ರಾಬಾಯಿ. “ನಿನ್ನ ಮನ್ಯಾಗೂ ಬಾರಸ್ತದ, ನಮ್ಮ ಮನ್ಯಾಗೂ ಬಾರಸ್ತದ.”

ಗೌರಾಬಾಯಿಗೆ ಆಗ ನೆನಪಾದದ್ದು ಒಂದು ಕೆಮ್ಮು. ಹಿಂದಿನ ತಿಂಗಳು ಹೆಂಗಸರ ಹರಟೆ ಮುಗಿಯದೆ ಊಟಕ್ಕೆ ತಡವಾದಾಗ ದೌಲತರಾಯ ಒಳಗಿನಿಂದ ಕೆಮ್ಮಿದ್ದ. ಪಾಪ, ಅವನಿಗೆ ನಿಜವಾಗಿಯೂ ಕೆಮ್ಮು ಬಂದಿತ್ತೋ ಏನೋ. ಗೌರಾಬಾಯಿಯ ಎದೆಯಲ್ಲಿ ಮಾತ್ರ ಅದು ಮುಳ್ಳಾಗಿ ಕೂತಿತ್ತು. ಮಂದಿ ಮನೆಯ ಹೊಸ್ತಿಲು ಎಷ್ಟಂತ ತುಳಿಯುವುದು?

“ಬ್ಯಾಡ್ರಿ. ನಂದು ಬ್ಯಾರೆನೇ ಹಾಕ್ರಿ,” ಎಂದಳು ಮಲಂಗಸಾಬನಿಗೆ. “ಇವರಿಗೆ ಇನ್ನೂ ಎಷ್ಟು ತ್ರಾಸ ಕೊಡ್ಲಿ?”

ಸುಭದ್ರಾಬಾಯಿ ಒಳಗೆ ಹೋಗಿ ಚಹಾ ತಂದಳು. ಮಲಂಗಸಾಬನಿಗೆ ಮಾತ್ರ.

ಫೋನ್ ಬಂತು. ಗೌರಾಬಾಯಿ ಅದಕ್ಕೆ ವಿಭೂತಿ ಹಚ್ಚಿ ಗೋಡೆಯ ಗೂಡಿನಲ್ಲಿ ಇಟ್ಟಳು. ಆ ಸಂಭ್ರಮದಲ್ಲೇ ಸುಭದ್ರಾಬಾಯಿಯ ಡಬ್ಬಿಯನ್ನು ಮುಖ ಕಾಣುವಂತೆ ಬೂದಿ ಹಚ್ಚಿ ತಿಕ್ಕಿ, ಕೊಟ್ಟು ಬರಲು ಹೋದಳು. ‘ಇನ್ನ ನಿಮಗ ತ್ರಾಸ ಇಲ್ಲ ನೋಡು’ ಎಂದೂ ಹೇಳಿದಳು. ಸುಭದ್ರಾಬಾಯಿ ಮುಚ್ಚಳ ತೆಗೆದು ನೋಡಿದಳು, ಮತ್ತೆ ಮುಚ್ಚಿದಳು. ಮನೆಗೆ ಬಂದಾಗ ಡಬ್ಬಿಗೆ ಹಾಕಲೆಂದು ತೆಗೆದಿಟ್ಟ ಹುಣಸೆಹಣ್ಣು ಮೊರದಲ್ಲೇ ಉಳಿದದ್ದು ಗೌರಾಬಾಯಿಯ ಕಣ್ಣಿಗೆ ಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಹುಣಸೆ ಹಿಡಿದುಕೊಂಡು ಓಡಿದರೆ ತಪ್ಪು ಮುಚ್ಚಲು ಬಂದಂತಾಗುತ್ತದೆ ಎಂದು ಅವಳು ಸುಮ್ಮನಾದಳು. ಅಲ್ಲೇ ಕೆಟ್ಟಳು.

ರವಿವಾರ ದಶರಥ ಫೋನ್ ಮಾಡಿದ, ಇಟ್ಟ. ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಎದುರು ಕಟ್ಟೆಯ ಮೇಲೆ ಸುಭದ್ರಾಬಾಯಿ ಓಣಿಗೆ ಬೆನ್ನು ಮಾಡಿ ಒಬ್ಬಳೇ ಪಲ್ಯ ಸೋಸುತ್ತಿದ್ದಳು. ಹೋಗಲು ಗೌರಾಬಾಯಿಗೆ ಒಂದು ನೆಪವೂ ಉಳಿದಿರಲಿಲ್ಲ. ಗಂಡ ಸತ್ತಾಗ ಮನೆ ಖಾಲಿ ಅನಿಸಿತ್ತು, ನಿಜ. ಈ ಸಲ ಊರೇ ಖಾಲಿಯಾದಂತಿತ್ತು.

ಹೀಗೆ ಕೆಲವು ವಾರ ಕಳೆದವು. ಕೊನೆಗೆ ಒಂದು ರವಿವಾರ ಅವಳೇ ಒಂದು ಉಪಾಯ ಹೂಡಿದಳು. ರಿಸೀವರ್ ಎತ್ತಿ ಪಕ್ಕಕ್ಕೆ ಇಟ್ಟಳು. ಇಲ್ಲಿ ಲೈನ್ ಸಿಗದಿದ್ದರೆ ತಮ್ಮ ಹಳೆಯ ನಂಬರಿಗೇ ಮಾಡುತ್ತಾನೆ, ಸುಭದ್ರಾ ಕೂಗುತ್ತಾಳೆ. ತಲೆ ಬಾಚಿಕೊಂಡು, ಮಡಿಲಲ್ಲಿ ಹುಣಸೆ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕೂತಳು.

ಎದುರು ಮನೆಯಲ್ಲಿ ಗಂಟೆ ಬಾರಿಸಿತು. ಗೌರಾಬಾಯಿ ಎದ್ದು ನಿಂತಳು.

“ಅಕಿಗೆ ಸ್ವಂತ ಫೋನ್ ಅದಲ್ರಿ,” ಎಂದಿತು ಒಳಗಿನಿಂದ ಸುಭದ್ರಾಬಾಯಿಯ ದನಿ. “ಅಲ್ಲಿಗೇ ಮಾಡ್ರಿ.”

ದಶರಥನನ್ನು ಯಾವಾಗಲೂ ‘ತಮ್ಮಾ’ ಎಂದು ಕರೆಯುತ್ತಿದ್ದವಳು ಅವಳು. ಫೋನ್ ಇಟ್ಟ ಸದ್ದೂ ಕೇಳಿತು.

ಗೌರಾಬಾಯಿ ಒಳಗೆ ಬಂದು ರಿಸೀವರನ್ನು ಅದರ ಜಾಗಕ್ಕೆ ಇಟ್ಟಳು. ಸ್ವಲ್ಪ ಹೊತ್ತಿಗೆ ಅದು ಬಾರಿಸಿತು. ಇಷ್ಟು ಹೊತ್ತು ಯಾರ ಜೊತೆ ಮಾತಾಡುತ್ತಿದ್ದಿ ಎಂದು ದಶರಥ ಕೇಳಿದ.

“ಸುಭದ್ರಾ ಹೆಂಗದಾಳೋ ತಮ್ಮಾ?”

“ನಿನ್ನ ಎದುರೇ ಅದಾರಲ್ಲಕ್ಕ. ಪುಣೆದಾಗ ಕೂತಾಂವಗ ಕೇಳ್ತಿ?”

“ಇರ್ಲಿ, ಹೇಳು. ಅಕಿ ದನಿ ಹೆಂಗಿತ್ತು?”

“ಗಂಟಲ ಕಟ್ಟಿದಂಗಿತ್ತು. ನೆಗಡಿ ಆಗಿರಬೇಕು.”

“ಹೌದು,” ಎಂದಳು ಗೌರಾಬಾಯಿ, ಎದುರಿನ ಮುಚ್ಚಿದ ಬಾಗಿಲು ನೋಡುತ್ತ. “ನೆಗಡಿನೇ ಇರಬೇಕು.”