ಗುರುವಾರದ ಫಲತಾಂಬೂಲ

ಗರಿಯಾಹಾಟಿನ ಕೂಡುರಸ್ತೆಯಿಂದ ನಾಲ್ಕು ಅಂಗಡಿ ಈಚೆಗೆ ತ್ರಿವಿಕ್ರಮ ಭಟ್ಟರ ಹೋಟೆಲು. ದಿನವೂ ಮೊದಲು ಬೆಂದ ಇಡ್ಲಿ ಕೃಷ್ಣದೇವರ ಪಟದ ಮುಂದೆ ಹೋಗಿ, ಅದರ ಮೇಲೆ ತುಳಸಿ ಬಿದ್ದ ಮೇಲೆಯೇ ಗಿರಾಕಿಯ ತಟ್ಟೆಗೆ ಎರಡನೆಯದು. ಭಟ್ಟರು ಉಡುಪಿಯ ಕಡೆಯಿಂದ ಕಲ್ಕತ್ತೆಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು, ಆದರೂ ಅವರ ಬಂಗಾಳಿ ಕುಂಟುತ್ತಲೇ ಇತ್ತು. ತರಕಾರಿಯವನೊಡನೆ ಚೌಕಾಸಿ, ಪೂಜೆಯ ಚಂದಾ ಕೇಳಲು ಬಂದ ಕೇರಿಯ ಹುಡುಗರೊಡನೆ ತಮಾಷೆ, ಮುನಿಸಿಕೊಂಡ ಗಿರಾಕಿಗೆ ಸಮಾಧಾನ, ಇವೆಲ್ಲ ಹೆಂಡತಿ ರತ್ನಾವತಿಯ ಪಾಲಿನ ಕೆಲಸ. ಆ ಸಾಧ್ವಿ ಹರಿಪಾದ ಸೇರಿ ಎರಡು ವರ್ಷ. ಅಂದಿನಿಂದ ಭಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಮಾತಿಗಿಂತ ಹೆಚ್ಚಾಗಿ ತಲೆಯಾಡಿಸಿಯೇ ವ್ಯಾಪಾರ ನಡೆಸುತ್ತಿದ್ದರು.

ಎಪ್ಪತ್ತಮೂರನೆಯ ಇಸವಿಯ ಶ್ರಾವಣದಲ್ಲಿ ಒಬ್ಬಳೇ ಮಗಳು ವನಮಾಲಾಳ ಬಿ.ಎಸ್ಸಿ. ಫಲಿತಾಂಶ ಬಂತು. ಗಲಾಟೆ, ಮುಷ್ಕರ ಎಂದು ಒಂದು ವರ್ಷ ತಡವಾಗಿ ನಡೆದ ಪರೀಕ್ಷೆ ಅದು. ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದವು.

"ಇನ್ನು ಎಂ.ಎಸ್ಸಿ. ಅಲ್ಲವಾ?" ಎಂದರು ಭಟ್ಟರು.

"ಇಲ್ಲ ಅಪ್ಪಯ್ಯ. ಗಾಜಿನ ನಳಿಗೆ ಹಿಡಿದದ್ದು ಸಾಕು. ಲಾ ಓದ್ತೇನೆ."

"ಕೆಮಿಸ್ಟ್ರಿಗೂ ಲಾಯರಿಕೆಗೂ ಎಂತ ಸಂಬಂಧ ಮಾರಾಯ್ತಿ?"

"ಯಾವ ಡಿಗ್ರಿ ಆದರೂ ಆಗ್ತದೆ. ಲಾ ಕಾಲೇಜಿನಲ್ಲಿ ಮೂರು ವರ್ಷ. ಬೆಳಿಗ್ಗೆ ಆರೂವರೆಗೆ ಕ್ಲಾಸು."

ಒಲೆಯ ಹತ್ತಿರದಿಂದ ಹಿರಿಯ ಅಡುಗೆಯವ ಶೀನ ತಲೆ ಹೊರಗೆ ಹಾಕಿದ. "ಒಳ್ಳೆದಾಯ್ತು ಭಟ್ರೇ. ಸಾಂಬಾರಿಗೆ ಉಪ್ಪು ಹೆಚ್ಚಾಯ್ತು ಅಂತ ಯಾರಾದರೂ ಜಗಳಕ್ಕೆ ಬಂದರೆ ನನ್ನ ಕಡೆಗೊಬ್ಬರು ವಕೀಲರಾಯ್ತು."

"ನೀನು ಉಪ್ಪು ಸರಿಯಾಗಿ ಹಾಕು. ವಕೀಲರು ಬೇಕಾಗುವುದಿಲ್ಲ."

ಭಟ್ಟರಿಗೆ ಕಾನೂನಿನ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಕರಿ ಕೋಟು ತೊಟ್ಟು, ನೂರು ಗಂಡಸರ ನಡುವೆ ನಿಂತು ಮಗಳು ಬೊಬ್ಬೆ ಹೊಡೆಯುವುದನ್ನು ಅವರಿಂದ ನೆನೆಯಲೂ ಆಗುತ್ತಿರಲಿಲ್ಲ. ಇನ್ನೊಂದು ದಾರಿ ಇರುವುದು ಅವರಿಗೆ ಗೊತ್ತಿತ್ತು. ಪ್ರತಿ ಶನಿವಾರ ಮಸಾಲೆದೋಸೆಗೆ ಬರುತ್ತಿದ್ದ ನಿರುಪಮ ಘೋಷಾಲರು ಹೈಕೋರ್ಟಿನ ಅಟರ್ನಿ. ಪದವಿ ಮುಗಿಸಿದವರು ಅಟರ್ನಿಯೊಬ್ಬರ ಕಚೇರಿಗೆ ಸೇರಿ, ಅವರ ಕೈಕೆಳಗೆ ಕೆಲವು ವರ್ಷ ಕಾಗದಪತ್ರ ಕಲಿತು, ಪರೀಕ್ಷೆಗೆ ಕುಳಿತು ತಾವೂ ಅಟರ್ನಿಯಾಗಬಹುದು ಎಂದು ಅವರೇ ಒಮ್ಮೆ ಹೇಳಿದ್ದರು. ಕಚೇರಿಯೊಳಗೆ ಮೇಜು, ಕುರ್ಚಿ, ಮೇಲೆ ಫ್ಯಾನು. ಕೋರ್ಟಿನಲ್ಲಿ ವಾದಿಸುವವರು ಬೇರೆಯವರು. ಭಟ್ಟರು ಸ್ವತಃ ಸೋದರಮಾವನ ಹೋಟೆಲಿನಲ್ಲಿ ಲೋಟ ತೊಳೆದು, ಎಲೆ ತೆಗೆದು, ಹಿಟ್ಟು ರುಬ್ಬಿ, ಸೇರಿದ ಏಳನೆಯ ವರ್ಷಕ್ಕೆ ದೋಸೆಕಲ್ಲಿನ ಮುಂದೆ ನಿಂತವರು. ವಿದ್ಯೆಯೆಂದರೆ ಒಬ್ಬ ಗುರುವಿನ ನೆರಳಿನಲ್ಲಿ ಕಲಿಯುವುದು ಎಂದೇ ಅವರ ನಂಬಿಕೆ.

"ಅಲ್ಲಿ ನಾನು ಎಂತ ಮಾಡುವುದು? ಬೇರೆಯವರು ಆಡುವ ಮಾತನ್ನು ಬರೆದು ಕೊಡುವುದಾ?" ಎಂದಳು ವನಮಾಲಾ. "ನನಗೆ ನಿಂತು ಮಾತಾಡಬೇಕು ಅಪ್ಪಯ್ಯ."

"ಒಮ್ಮೆ ಬಂದು ಅವರ ಮಾತು ಕೇಳು. ಅವರು ಹೂಂ ಎಂದರೆ ಅಲ್ಲಿಗೆ ಮುಗಿಯಿತು."

ಅಪ್ಪ ಯಾವುದನ್ನಾದರೂ ಕೇಳಿಕೊಂಡದ್ದೇ ಅಪರೂಪ. ಅವಳು ಒಪ್ಪಿದಳು. ಮುಖ ಮಾತ್ರ ಇಳಿದುಹೋಯಿತು.

ಗುರುವಿನ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಗುರುವಾರ ಬೆಳಿಗ್ಗೆ ಭಟ್ಟರು ದೇವರ ಕೋಣೆಯಿಂದ ದೊಡ್ಡ ಬೆಳ್ಳಿಯ ತಟ್ಟೆ ತೆಗೆದರು. ಐದು ಬಗೆಯ ಹಣ್ಣು, ವೀಳ್ಯದೆಲೆ, ಅಡಿಕೆ, ಜುಟ್ಟಿನ ತೆಂಗಿನಕಾಯಿ. ಆಮೇಲೆ ನೆನಪಾಯಿತು: ಇಂಥ ಮನೆಗಳಿಗೆ ಹೋಗುವಾಗ ರತ್ನಾವತಿ ಮನೆಯ ಯಜಮಾನಿಗೆಂದು ಅರಿಶಿನದ ಕೊಂಬು, ಕುಂಕುಮದ ಭರಣಿ, ರವಿಕೆಯ ಕಣ ಇಡುತ್ತಿದ್ದಳು. ಅವಳು ಇಡುತ್ತಿದ್ದ ಕ್ರಮದಲ್ಲಿಯೇ ಅವನ್ನೂ ಇಟ್ಟರು. ಆಮೇಲೆ ಮಗಳನ್ನು ಕರೆದರು.

"ಅಮ್ಮನ ರೇಷ್ಮೆ ಸೀರೆ ಉಟ್ಟುಕೋ. ಮಲ್ಲಿಗೆ ಮುಡಿ. ತಟ್ಟೆ ನೀನೇ ಹಿಡಿದುಕೊಳ್ಳಬೇಕು" ಎಂದರು.

ಘೋಷಾಲರ ಮನೆ ಲೇಕ್ ಗಾರ್ಡನ್ಸಿನಲ್ಲಿ, ರೈಲು ನಿಲ್ದಾಣದ ಹತ್ತಿರ. ಬಾಗಿಲು ತೆರೆದದ್ದು ಅವರ ಹೆಂಡತಿ. ಆಕೆ ರೇಷ್ಮೆ ಸೀರೆಯ ಹುಡುಗಿಯನ್ನು ನೋಡಿದರು, ತಟ್ಟೆಯನ್ನು ನೋಡಿದರು, ತಟ್ಟೆಯ ನಡುವಿನ ಅರಿಶಿನದ ಕೊಂಬನ್ನು ನೋಡಿದರು. ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಅತ್ತೆಯವರೇ, ಬೇಗ ಬನ್ನಿ!" ಎಂದು ಒಳಗೆ ಓಡಿದರು. ಘೋಷಾಲರ ವೃದ್ಧ ತಾಯಿ ಗೋಡೆ ಹಿಡಿದುಕೊಂಡು ಬಂದರು. ಕಣ್ಣು ಮಂಜಾಗಿದ್ದರೂ ಅರಿಶಿನ ಕುಂಕುಮದ ಬಣ್ಣ ಅವರಿಗೆ ಕಂಡಿತು. ಆ ಅಜ್ಜಿ ತಲೆಯೆತ್ತಿ, ನಾಲಿಗೆ ಹೊರಳಿಸಿ, ಮದುವೆಮನೆಗಳಲ್ಲಿ ಬಂಗಾಳಿ ಹೆಂಗಸರು ಹಾಕುವ ಉಲು ಹಾಕಿಬಿಟ್ಟರು. ಒಳಗಿನಿಂದ ಯಾರೋ ಶಂಖವನ್ನೂ ಊದಿದರು.

ಎಂಥ ಮರ್ಯಾದಸ್ಥ ಮನೆತನ, ವಿದ್ಯೆಗೆ ಎಷ್ಟು ಗೌರವ ಎಂದು ಭಟ್ಟರು ಸಂತೋಷದಿಂದ ಕೈಮುಗಿದರು.

ಅವರನ್ನು ಒಳ್ಳೆಯ ಸೋಫಾದ ಮೇಲೆ ಕೂರಿಸಿದರು. ಘೋಷಾಲರು ಪೇಪರು ಕೈಯಲ್ಲಿ ಹಿಡಿದು ಬಂದು ಏನೂ ತಿಳಿಯದೆ ನಿಂತರು. ಅವರ ಹಿಂದೆಯೇ ಮಗ ಸುಬ್ರತ, ಕಾಲೇಜೊಂದರಲ್ಲಿ ಪಾಠ ಹೇಳುವ ಯುವಕ, ಆಗತಾನೆ ಬಾಚಿದ ತಲೆಯೊಡನೆ ಬಂದ. ಅಂಗಿಯ ಗುಂಡಿ ಒಂದು ತಪ್ಪಿತ್ತು.

ಅಜ್ಜಿ ಹುಡುಗಿಯ ಗಲ್ಲ ಹಿಡಿದು, "ಬಣ್ಣ ಸ್ವಲ್ಪ ಕಪ್ಪು. ಆದರೆ ಕಣ್ಣು ಲಕ್ಷ್ಮಿಯದು. ಮೀನು ಬೇಯಿಸಲು ಬರುತ್ತದೇನಮ್ಮಾ? ಇರಲಿ, ನಾನು ಕಲಿಸುತ್ತೇನೆ" ಎಂದರು.

ಮೀನು ಎಂಬ ಮಾತು ಕಿವಿಗೆ ಬಿದ್ದದ್ದೇ ಭಟ್ಟರಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು: ಅರಿಶಿನ, ಶಂಖ, ಬಾಚಿದ ತಲೆ. ಈ ಊರಿನಲ್ಲಿ ಮದುವೆಗೆ ಮೊದಲು ಒಂದು ಮನೆಯಿಂದ ಇನ್ನೊಂದು ಮನೆಗೆ ಅರಿಶಿನ, ಬಟ್ಟೆ, ಸಿಹಿಯ ತಟ್ಟೆಗಳು ಹೋಗುವುದನ್ನು ಅವರೂ ಎಷ್ಟೋ ಸಲ ನೋಡಿದ್ದರು. "ಕೃಷ್ಣ ಕೃಷ್ಣ!" ಎಂದು ಎದ್ದು ನಿಂತರು. ಹೇಳಬೇಕಾದದ್ದು ಯಾವ ಭಾಷೆಯಲ್ಲಿಯೂ ನಾಲಿಗೆಗೆ ಬರಲಿಲ್ಲ. ಅಷ್ಟು ವರ್ಷ ತಮ್ಮ ಪರವಾಗಿ ಮಾತಾಡುತ್ತಿದ್ದವಳು ಇವತ್ತು ಪಕ್ಕದಲ್ಲಿ ಇರಲಿಲ್ಲ.

ವನಮಾಲಾ ತಟ್ಟೆಯನ್ನು ಮೇಜಿನ ಮೇಲಿಟ್ಟು ಎದ್ದಳು. ಸೆರಗು ಸರಿಮಾಡಿಕೊಂಡು, ಅಜ್ಜಿಯ ಕಡೆ ತಿರುಗಿ, ಬಂಗಾಳಿಯಲ್ಲಿ ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಮಾತಾಡಿದಳು.

"ಠಾಕುಮಾ, ತಪ್ಪು ನಿಮ್ಮದಲ್ಲ. ನಿಮ್ಮ ಮನೆಗೆ ಇಂಥ ತಟ್ಟೆ ಬಂದರೆ ಯಾರಾದರೂ ಹಾಗೆಯೇ ತಿಳಿಯಬೇಕು. ನಮ್ಮ ತಂದೆಯದೂ ತಪ್ಪಲ್ಲ. ನಮ್ಮ ಊರಿನಲ್ಲಿ ವಿದ್ಯೆ ಕೇಳಲು ಗುರುವಿನ ಮನೆಗೆ ಹೀಗೆಯೇ ಹೋಗುವುದು. ಹಣ್ಣು ಘೋಷಾಲ್ ಬಾಬುಗೆ. ಅರಿಶಿನ ಈ ಮನೆಯ ಯಜಮಾನಿಗೆ. ಅದನ್ನು ನನ್ನ ಅಮ್ಮ ಕೊಡಬೇಕಿತ್ತು. ಅವರಿಲ್ಲ, ಆದ್ದರಿಂದ ನಾನು ಹೊತ್ತು ತಂದೆ. ಸುಬ್ರತ ದಾದಾ, ನಿಮಗೆ ತೊಂದರೆ ಕೊಟ್ಟೆವು, ಕ್ಷಮಿಸಿ. ಇನ್ನು ಠಾಕುಮಾ ಹಾಕಿದ ಉಲು: ಅದನ್ನು ಹಿಂದಕ್ಕೆ ಕೊಡುವುದು ಬೇಡ. ನನ್ನ ಓದಿಗೆ ಹಾಕಿದ್ದೆಂದು ಇಟ್ಟುಕೊಳ್ಳುತ್ತೇನೆ, ಆಗದೇ?"

ಮೊದಲು ನಕ್ಕವನು ಸುಬ್ರತ. ಆಮೇಲೆ ಅಜ್ಜಿ, ಆಮೇಲೆ ಮನೆಗೆ ಮನೆಯೇ. ಭಟ್ಟರು ಮಾತ್ರ ನಗಲಿಲ್ಲ. ಅವರು ಮಗಳ ದನಿ ಕೇಳುತ್ತಿದ್ದರು. ರತ್ನಾವತಿ ಮುನಿದ ಗಿರಾಕಿಯನ್ನು ನಗಿಸಿ ಕಳುಹಿಸುತ್ತಿದ್ದುದು ಇದೇ ದನಿಯಲ್ಲಿ. ಅದು ಬೊಬ್ಬೆಯಾಗಿರಲಿಲ್ಲ, ಎಂದೂ ಬೊಬ್ಬೆಯಾಗಿರಲಿಲ್ಲ.

ಬಂದ ಕಾರಣವನ್ನು ವನಮಾಲಾಳೇ ವಿವರಿಸಿದಳು. ಎರಡು ದಾರಿಗಳನ್ನೂ ಹೇಳಿದಳು, ತಂದೆಯ ದಾರಿಯ ಗುಣವನ್ನು ಒಂದಿಷ್ಟೂ ಕಡಿಮೆ ಮಾಡದೆ.

ಘೋಷಾಲರು ಕನ್ನಡಕ ಒರೆಸಿಕೊಂಡರು. "ಭಟ್ಟ ಮೊಶಾಯ್, ನಿಮ್ಮ ಮಗಳಿಗೆ ನನ್ನ ಕಚೇರಿಯಲ್ಲಿ ಜಾಗ ಉಂಟು. ನೀವು ಹೂಂ ಎಂದರೆ ನಾಳೆಯೇ ಬರಲಿ. ಆದರೆ ಅಟರ್ನಿಗಳ ಕಾಲ ಮುಗಿಯುತ್ತಾ ಬಂತು, ಇನ್ನು ನಾಲ್ಕೈದು ವರ್ಷ ಇದ್ದರೆ ಹೆಚ್ಚು. ಅದೂ ಇರಲಿ. ನಾನು ಮೂವತ್ತು ವರ್ಷದಿಂದ ಬ್ರೀಫು ಬರೆದು ಬ್ಯಾರಿಸ್ಟರುಗಳ ಕೈಗೆ ಕೊಡುತ್ತಿದ್ದೇನೆ. ಈಗ ಈ ಹುಡುಗಿ ಮಾಡಿದ್ದನ್ನು ಅವರಲ್ಲಿ ಎಷ್ಟು ಮಂದಿ ಮಾಡಿಯಾರು? ಇಬ್ಬರ ಮಾನವನ್ನೂ ಉಳಿಸಿ, ತನಗೆ ಬೇಕಾದದ್ದನ್ನೂ ಕೇಳಿಕೊಂಡಳು. ಇವಳನ್ನು ನನ್ನ ಮೇಜಿನ ಹಿಂದೆ ಕೂರಿಸುವುದೋ, ಬಿಡುವುದೋ, ನೀವೇ ಹೇಳಿ."

ಎಲ್ಲರೂ ಭಟ್ಟರ ಕಡೆ ತಿರುಗಿದರು. ವನಮಾಲಾ ನೆಲ ನೋಡುತ್ತಿದ್ದಳು. ಅವಳ ಬೆರಳು ಸೆರಗಿನ ಅಂಚನ್ನು ಸುತ್ತುತ್ತಿತ್ತು.

ಭಟ್ಟರು ಮನಸ್ಸಿನಲ್ಲಿ ದೇವರನ್ನು ನೆನೆದು, ತಮ್ಮ ಕುಂಟು ಬಂಗಾಳಿಯಲ್ಲಿಯೇ ಹೇಳಿದರು: "ಮೇಜು ಬೇಡ. ಅವಳು ನಿಂತುಕೊಳ್ಳಲಿ."

ಹೊರಡುವಾಗ ಘೋಷಾಲರ ಹೆಂಡತಿ ತಟ್ಟೆಯನ್ನು ಬರಿದಾಗಿ ಕೊಡಲಿಲ್ಲ. ಅದರಲ್ಲಿ ಸಂದೇಶ್ ಮಿಠಾಯಿ ಇಟ್ಟರು. ಘೋಷಾಲರು ತಾವು ಓದಿದ್ದ, ಬೆನ್ನು ಹರಿದ ಕಾಂಟ್ರಾಕ್ಟ್ ಕಾನೂನಿನ ಪುಸ್ತಕವನ್ನು ಅದರ ಪಕ್ಕದಲ್ಲಿಟ್ಟರು.

ತಂದೆ ಮಗಳು ಗರಿಯಾಹಾಟಿನ ದಾರಿ ಹಿಡಿದರು. ನಡುದಾರಿಯಲ್ಲಿ ಅವಳು, "ಅಮ್ಮ ಇದ್ದಿದ್ದರೆ ಎಷ್ಟು ನಗಾಡ್ತಿದ್ದರು, ಅಲ್ಲವಾ ಅಪ್ಪಯ್ಯ?" ಎಂದಳು.

"ನಗಾಡಿದಳು. ನನಗೆ ಕೇಳಿತು" ಎಂದರು ಭಟ್ಟರು.

ಹೋಟೆಲಿಗೆ ಬಂದವರೇ ಪುಸ್ತಕವನ್ನು ಕೃಷ್ಣನ ಪಟದ ಮುಂದಿಟ್ಟು, ಒಲೆಯ ಕಡೆ ತಿರುಗಿದರು. "ಶೀನಾ, ಕಾಲೇಜು ಶುರುವಾದ ದಿನದಿಂದ ಮೊದಲ ಇಡ್ಲಿ ಐದು ಗಂಟೆಗೆ ಬೇಯಬೇಕು. ದೇವರಿಗೆ ಇಟ್ಟು ಇವಳಿಗೆ ಬಡಿಸಬೇಕು. ಆರೂವರೆಗೆ ಕ್ಲಾಸು."

"ಐದಕ್ಕಾ!" ಶೀನ ಸೌಟು ಕೆಳಗಿಟ್ಟ. "ಭಟ್ರೇ, ದೇವರಾದರೂ ಅಷ್ಟು ಬೇಗ ಏಳ್ತಾರಾ ಅಂತ ಒಂದು ಮಾತು ಕೇಳಬಾರದಾ?"

"ನಿನ್ನ ವಕೀಲರನ್ನು ಕೇಳು" ಎಂದು ಭಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರು. ಆಗ ಬಾಗಿಲಿಗೆ ಬಂದ ಗಿರಾಕಿಯನ್ನು ಅವರು ಅಂದು ತಲೆಯಾಡಿಸಿ ಕರೆಯಲಿಲ್ಲ. ಬಾಯಿಬಿಟ್ಟು, ಬಂಗಾಳಿಯಲ್ಲಿಯೇ ಕರೆದರು.