ಕೆನ್ನೆಗೆ ಹತ್ತಿದ ಅಕ್ರೋಟಿನ ಕಲೆ

"ನಾಳೆ ಮದುವೆ ಇಟ್ಕೊಂಡು ನನ್ನ ಮಗಳ ಮುಖಕ್ಕೆ ಮಸಿ ಬಳಿದೆಯಲ್ಲೇ ಜೆರುಷಾ! ಹಳೇ ಕುದುರೆ ಜೀನಿನ ಹಾಗೆ ಕಾಣ್ತಾಳೆ!"

"ಮಸಿ ಅಲ್ಲ ಅತ್ತಿಗೆ, ಔಷಧಿ. ನಾಲಿಗೆ ಬಿಗಿಹಿಡಿದು ಮಾತಾಡು. ನಿನ್ನ ಮಗನ ಹೊಟ್ಟೆ ತುಂಬ ಹುಳ ಆದಾಗ ಇದೇ ಸಿಪ್ಪೆ ಕಷಾಯ ಬೇಕಾಗಿತ್ತು, ಆಗ ನಾನು ದೇವತೆ!"

ಒಲೆಯ ಮೇಲೆ ಹಂದಿಮಾಂಸ ಸೀಯುತ್ತಿತ್ತು. ಅತ್ತಿಗೆ ಮೆಲ್ವಿನಾ ಅತ್ತ ತಿರುಗಿಯೂ ನೋಡಲಿಲ್ಲ. ಮದುಮಗಳು ಓಪಲ್ ಕಿಟಕಿಗೆ ಒರಗಿ ನಿಂತಿದ್ದಳು. ಅವಳ ಎಡಗೆನ್ನೆ ಕಿವಿಯಿಂದ ಗದ್ದದವರೆಗೂ ಕಡುಕಂದು.

ಜೆರುಷಾಳ ಮೈ ಉರಿಯುತ್ತಿತ್ತು. ನಿನ್ನೆ ಸಂಜೆ ಈ ಅಣ್ಣನ ಮಗಳು ಕದ್ದು ಬಂದು ಕೆನ್ನೆಯ ಹುಳುಕಡ್ಡಿ ತೋರಿಸಿ ಅತ್ತಿದ್ದಳು. ಜೆರುಷಾ ಹಿತ್ತಲ ಕಪ್ಪು ಅಕ್ರೋಟಿನ ಮರದಿಂದ ಇನ್ನೂ ಹಸಿರಾಗಿದ್ದ ಕಾಯಿ ಕಿತ್ತು, ಸಿಪ್ಪೆ ಸುಲಿದು ಕೊಟ್ಟು, ಬಟ್ಟೆಯ ತುದಿಯಲ್ಲಿ ಕಜ್ಜಿಗೆ ಮಾತ್ರ ಮುಟ್ಟಿಸು ಎಂದಿದ್ದಳು. ಈ ಮಿಸೌರಿ ಗುಡ್ಡಗಳಲ್ಲಿ ಹುಟ್ಟಿದ ಹುಡುಗಿಗೆ ಉಳಿದದ್ದು ಹೇಳಬೇಕೆ? ಹಚ್ಚುವಾಗ ರಸ ನೀರಿನ ಹಾಗೆ ಕಾಣುತ್ತದೆ. ಬೆಳಗಾಗುವುದರಲ್ಲಿ ಕಪ್ಪಾಗುತ್ತದೆ. ಆಮೇಲೆ ಬೂದಿ, ಮರಳು, ಸೀಮೆಎಣ್ಣೆ ಏನು ಹಾಕಿ ಉಜ್ಜಿದರೂ ಚರ್ಮ ಹೋದೀತು, ಬಣ್ಣ ಹೋಗದು.

"ಅತ್ತೆದು ತಪ್ಪಿಲ್ಲಮ್ಮ," ಎಂದಳು ಓಪಲ್. "ಬೇಗ ವಾಸಿಯಾಗ್ಲಿ ಅಂತ ನಾನೇ ಕೆನ್ನೆಗೆಲ್ಲ ಸವರಿಕೊಂಡೆ."

ಜೆರುಷಾ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಕಜ್ಜಿಯ ಅಂಚು ಆಗಲೇ ತಗ್ಗಿತ್ತು. "ತುರಿಕೆ?"

"ಇಲ್ಲವೇ ಇಲ್ಲ ಅತ್ತೆ!"

"ನೋಡಿದೆಯಾ ಅತ್ತಿಗೆ!"

"ನೋಡಿದೆ. ಈ ಮೂತಿ ಹೊತ್ತು ಇವಳು ಪಾದ್ರಿ ಮುಂದೆ ನಿಲ್ಲಲ್ಲ. ಮದುವೆ ಮುಂದಕ್ಕೆ."

"ಎಮೆಟ್ ಸೋಮವಾರ ಮರದ ಕಾರ್ಖಾನೆಗೆ ಹೊರಡ್ತಾನಮ್ಮ. ವಸಂತದವರೆಗೆ ಬರೋ ಹಾಗಿಲ್ಲ!"

"ಕಾಡಲ್ಲಿ ಕಾಯಿ ಆರಿಸೋನು ತಾನೆ? ಕಾಯಲಿ. ಅಷ್ಟರಲ್ಲಿ ನಿನಗೂ ಬುದ್ಧಿ ಬರ್ತದೆ."

ಅತ್ತಿಗೆಯ ಸಿಟ್ಟು ಕಲೆಯ ಮೇಲಲ್ಲ, ಹುಡುಗನ ಮೇಲೆ ಎಂದು ಜೆರುಷಾಗೆ ಆಗ ಗೊತ್ತಾಯಿತು. ಬಾಯಿ ತೆರೆಯುವಷ್ಟರಲ್ಲಿ ಅಂಗಳದಲ್ಲಿ ಹೇಸರಗತ್ತೆಯ ಗಾಡಿ ನಿಂತಿತು. ಎಮೆಟ್ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡು ಒಳಗೆ ಬಂದ.

"ಓಪಲ್, ಬೈಬೇಡ. ಅಕ್ರೋಟು ಕಾಯಿನ ದಾರಿಗೆ ಹರಡಿ, ಸಿಪ್ಪೆ ಒಡೀಲಿ ಅಂತ ಮೇಲೆ ಗಾಡಿ ಓಡಿಸಿದ್ವಿ. ಸಿಪ್ಪೆ ಬಿಡಿಸೋವಾಗ ಕೈಗವಸು ಹರೀತು..."

ಕೈ ಮುಂದೆ ಚಾಚಿದ. ಮೊಣಕೈವರೆಗೂ ಇದ್ದಿಲಿನಂಥ ಕಪ್ಪು. "ಬೆಳಿಗ್ಗೆಯಿಂದ ಉಜ್ಜಿ ಉಜ್ಜಿ ಸತ್ತೆ. ಈ ಕೈಲಿ ನಿನ್ನ ಕೈ ಹಿಡಿಯೋದು ಹೇಗೆ ಅಂತ—"

ಆಗ ಓಪಲ್ ತನ್ನ ಎಡಗೆನ್ನೆಯನ್ನು ಅವನತ್ತ ತಿರುಗಿಸಿದಳು.

ಅವನು ನೋಡಿದ. ಇವಳು ನೋಡಿದಳು. ಮೊದಲು ನಕ್ಕವಳು ಜೆರುಷಾ. ನಗುತ್ತ ನಗುತ್ತ ಅವಳು ಮೇಜು ಹಿಡಿದುಕೊಂಡಳು. "ಒಂದೇ ಬಣ್ಣದ ಜೋಡಿ ಕಣೋ! ಯಾವ ದರ್ಜಿ ಹೊಲೀತಾನೆ ಹೀಗೆ?"

"ಪಾದ್ರಿ ಮನೇಲಿದಾರಾ?" ಓಪಲ್ ಕೇಳಿದಳು.

"ಈಗ ತಾನೆ ನೋಡ್ಕೊಂಡು ಬಂದೆ."

"ನಾಳೆವರೆಗೆ ಯಾಕೆ? ನಡಿ."

"ಹೊಸ್ತಿಲು ದಾಟಿದ್ರೆ ನೋಡು!" ಎಂದು ಮೆಲ್ವಿನಾ ಕೂಗಿದಳು.

ಓಪಲ್ ಆ ಕಪ್ಪು ಕೈ ಹಿಡಿದು ದಾಟಿಯೇ ಬಿಟ್ಟಳು. ಜೆರುಷಾ ಗೂಟದಲ್ಲಿದ್ದ ಬಿಳೀ ನಿಲುವಂಗಿಯನ್ನು ಎಳೆದುಕೊಂಡು ಓಡಿದಳು. "ಬಟ್ಟೆ ಕಣೇ, ಮದುವೆ ಬಟ್ಟೆ!"

ಗಾಡಿ ಆಗಲೇ ತಿರುವಿನಲ್ಲಿತ್ತು. ಜೆರುಷಾ ನಿಲುವಂಗಿಯನ್ನು ಎದೆಗೊತ್ತಿಕೊಂಡು ನಿಂತಳು, ತನ್ನದೇ ಮದುವೆಯೇನೋ ಎಂಬಂತೆ.

"ಬರ್ತಾಳೆ," ಎಂದಳು ಮೆಲ್ವಿನಾ, ಬಾಗಿಲಲ್ಲಿ ನಿಂತು. "ಈ ಬಟ್ಟೆಗಾದ್ರೂ ಬರ್ತಾಳೆ."

ಜೆರುಷಾ ಅದನ್ನು ಮತ್ತೆ ಗೂಟಕ್ಕೆ ಹಾಕಿದಳು. ಆ ವರ್ಷದ ಕಾಯೆಲ್ಲ ಉದುರಿ ಮುಗಿದರೂ ಅದು ಅಲ್ಲೇ ತೂಗುತ್ತಿತ್ತು.